ಹಸಿರು ವೃತ್ತದ ಮಾಮಾ

ತಪ್ಪು ಉತ್ತರ ಕೊಟ್ಟರೆ ಆ ಟ್ಯಾಬು ‘ಪೋಂಯ್’ ಅಂತ ಸದ್ದು ಮಾಡುತ್ತಿತ್ತು. ಸರ್ಕಸ್ಸಿನಲ್ಲಿ ಜೋಕರ್ ಜಾರಿ ಬಿದ್ದಾಗ ಹಿಂದಿನಿಂದ ಬಾರಿಸುತ್ತಾರಲ್ಲ, ಅಂಥದ್ದೇ ಸದ್ದು. ಸರಿ ಉತ್ತರಕ್ಕೆ ಚಪ್ಪಾಳೆ, ಪರದೆಯ ತುಂಬ ಬಣ್ಣದ ಚೂರು. ಮಕ್ಕಳಿಗೆ ಕಲಿಕೆ ಆಟದಂತಿರಬೇಕು, ಅದಕ್ಕೇ ಹೀಗೆ ಮಾಡಿದ್ದೇವೆ ಅಂತ ಅದನ್ನು ತಂದವರು ನನಗೆ ತಿಳಿಹೇಳಿದರು. ಮಗ್ಗಿ ಕಲಿಸುವಾಗ ಪೋಂಯ್ ಅಂದರೆ ನನ್ನದೇನೂ ತಕರಾರಿಲ್ಲ. ಯಾರ ಹತ್ತಿರ ಹೋದರೆ ನಿನಗೆ ಭಯವಾಗುತ್ತದೆ ಎಂದು ಹದಿಮೂರು ವರ್ಷದ ಹುಡುಗಿಯನ್ನು ಕೇಳಿ, ಅವಳು ಬೆರಳಿಟ್ಟು ತೋರಿಸಿದ ಮೇಲೆ ಪೋಂಯ್ ಅನ್ನುವ ಯಂತ್ರವನ್ನು ಮಾಡಿದವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಣಿಕೊಂಡದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ತವರು ಕಲಬುರಗಿ ಕಡೆ. ಗಂಡನ ನೌಕರಿ ಹೈದರಾಬಾದಿನಲ್ಲಿ ಅಂತ ಬಂದವಳು ಇಲ್ಲೇ ಉಳಿದೆ. ಮನೆಯೊಳಗೆ ಕನ್ನಡ, ಲಿಫ್ಟಿನಲ್ಲಿ ತೆಲುಗು, ಆಟೊದವನ ಜೊತೆ ಜಗಳಕ್ಕೆ ಹಿಂದಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸನತ್‌ನಗರಕ್ಕೆ ಹೋಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದವರ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಒಂದು ತಗಡಿನ ಹಾಲ್ ಇದೆ, ಓಣಿಯವರದ್ದೇ. ಗಣಪತಿ ಕೂಡಿಸುವುದೂ ಅಲ್ಲೇ, ನನ್ನ ಪಾಠವೂ ಅಲ್ಲೇ. ಮಕ್ಕಳು ಸರ್ಕಾರಿ ಶಾಲೆಯಲ್ಲಿ ತೆಲುಗಿನಲ್ಲಿ ಓದುತ್ತಾರೆ, ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುತ್ತಾರೆ. ನಾನು ಎರಡನ್ನೂ ಬೆರೆಸಿ ಕಲಿಸುತ್ತೇನೆ.

ಆ ಹಾಲ್ ಹುಡುಕಿಕೊಂಡು ಒಂದು ಸಂಸ್ಥೆಯವರು ಬಂದರು. ಮಕ್ಕಳ ಸುರಕ್ಷತೆ, ಹದಿಹರೆಯದವರ ಮನಸ್ಸಿನ ನೆಮ್ಮದಿ, ಇವೆರಡಕ್ಕೂ ಸೇರಿಸಿ ಉತ್ತರದ ಕಡೆ ಎಲ್ಲೋ ಇರುವ ಅವರ ದೊಡ್ಡ ಕಚೇರಿ ಒಂದು ಪೆಟ್ಟಿಗೆ ತಯಾರಿಸಿತ್ತು. ಪೆಟ್ಟಿಗೆಯಲ್ಲಿ ಟ್ಯಾಬು, ಮುಖದ ಚಿತ್ರವಿರುವ ಕಾರ್ಡು, ಗೋಡೆಗೆ ಹಚ್ಚುವ ಚಿತ್ರಪಟ. ಇಲ್ಲಿನ ಸಂಯೋಜಕರು ಖಾದಿ ಜುಬ್ಬಾದ ಮನುಷ್ಯ, ಅವರೂ ಉತ್ತರದವರೇ, ಮಾತಿಗೊಮ್ಮೆ ‘ಸಮುದಾಯ’ ಅನ್ನುವವರು. ಓಣಿಯ ಮಕ್ಕಳು ಕನ್ನಡದವರು ಅಂತ ಗೊತ್ತಾದಾಗ ಅವರ ಮುಖ ಅರಳಿತು, ಇನ್ನೊಂದು ಭಾಷೆ ಸೇರಿತಲ್ಲ. ಕನ್ನಡದ ದನಿ ಬೇಕು, ನೀವೇ ಕೊಡಿ ಅಂದರು. ಒಂದಿಷ್ಟು ವಾಕ್ಯ ಕಳಿಸಿದರು. ‘ಶಭಾಷ್!’ ‘ನೀನು ಜಾಣೆ.’ ‘ಅಲ್ಲ, ಇನ್ನೊಮ್ಮೆ ಯೋಚಿಸಿ ನೋಡು.’ ಯಾವ ಚಿತ್ರಕ್ಕೆ ಯಾವ ಮಾತು ಅಂತ ಕೇಳಿದೆ. ಅದೆಲ್ಲ ಒಳಗೇ ಜೋಡಣೆ ಆಗಿದೆ ಮೇಡಂ, ನೀವು ಮಾತಾಡಿದರೆ ಸಾಕು ಅಂದರು. ಕಿವಿಗೆ ಹೆಡ್‌ಫೋನ್ ಹಾಕಿ ಒಂದು ಗೂಡಿನಂಥ ಕೋಣೆಯಲ್ಲಿ ಕೂಡಿಸಿ ಹೇಳಿಸಿಕೊಂಡರು. ‘ಇನ್ನೂ ಪ್ರೀತಿಯಿಂದ ಹೇಳಿ’ ಅಂತ ಬೇರೆ. ಹೇಳಿದೆ.

ಮೊದಲು ಬಂದದ್ದು ಭಾವನೆಗಳ ಕಾರ್ಡು. ಹಳದಿ ಬಣ್ಣದ ದುಂಡು ಮುಖಗಳು, ನಗುವುದೊಂದು, ಅಳುವುದೊಂದು, ಹುಬ್ಬು ಗಂಟಿಕ್ಕಿದ್ದೊಂದು. ಈ ವಾರ ನಿನ್ನ ಮನಸ್ಸು ಹೇಗಿತ್ತೋ ಆ ಮುಖ ಎತ್ತಬೇಕು. ಒಬ್ಬ ಪುಟ್ಟ ಹುಡುಗಿ ಎಲ್ಲವನ್ನೂ ತಿರುಗಿಸಿ ನೋಡಿ, “ಇವರಿಗೆಲ್ಲಾ ಕಾಮಣಿ ಆಗೈತೇನ್ರಿ?” ಅಂತ ಕೇಳಿದಳು. ಅವಳ ತಮ್ಮನಿಗೆ ಆಗಷ್ಟೇ ಕಾಮಾಲೆ ವಾಸಿಯಾಗಿತ್ತು. ಆಮೇಲೆ ಉಸಿರಾಟದ ಪಾಠ. ಸಿಟ್ಟು ಬಂದಾಗ ಹೂವು ಮೂಸಿದ ಹಾಗೆ ಉಸಿರು ಎಳೆದುಕೊಳ್ಳಬೇಕು, ಮೇಣದಬತ್ತಿ ಆರಿಸಿದ ಹಾಗೆ ಬಿಡಬೇಕು. ಪಕ್ಕದ ಷೆಡ್ಡಿನಿಂದ ಥಿನ್ನರ್ ವಾಸನೆ ಹಾಲ್ ತುಂಬ ಬಡಿಯುತ್ತಿತ್ತು. ಮಕ್ಕಳು ಎಳೆದುಕೊಂಡರು, ಕೆಮ್ಮಿದರು, ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಲ್ಲಿಯವರೆಗೆ ಅದು ನಗುವ ವಿಷಯವೇ ಆಗಿತ್ತು.

ಇನ್ನು ಆ ಹುಡುಗಿ. ಮೂಲೆಯಲ್ಲಿ ಮುದುಡಿ ಕೂರುವ ಪೈಕಿ ಅಲ್ಲ, ನನ್ನ ಎದುರಿಗೇ ಕೂರುವವಳು. ಗಣಿತದಲ್ಲಿ ಮುಂದೆ, ಜಗಳದಲ್ಲಿ ಇನ್ನೂ ಮುಂದೆ. ಅವ್ವ ಹತ್ತಿರದ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪ ಕಟ್ಟಡದ ಕೆಲಸಕ್ಕೆ. ಅವ್ವನ ತಮ್ಮ, ಅಂದರೆ ಹುಡುಗಿಯ ಸೋದರಮಾವ, ಅಪ್ಪನ ಜೊತೆಗೇ ಕೆಲಸ ಮಾಡಿಕೊಂಡು ಅವರ ಒಂದೇ ಖೋಲಿಯ ಮನೆಯಲ್ಲೇ ಇರುತ್ತಿದ್ದ. ಅವಳನ್ನು ಅವನಿಗೇ ಕೊಡುವುದು ಅಂತ ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಓಣಿಗೆಲ್ಲ ಅದು ಗೊತ್ತು.

ನಮ್ಮ ಕಡೆ ಇದು ಹೊಸದಲ್ಲ. ಸೋದರಮಾವ ಮನೆಗೆ ಬಂದರೆ ನಡೆಯಲು ಬಾರದ ಕೂಸಿಗೂ ‘ನಿನ್ನ ಗಂಡ ಬಂದಾನ ನೋಡು’ ಅಂತ ಕಾಡಿಸುತ್ತಾರೆ. ನನ್ನನ್ನೂ ಕಾಡಿಸಿದ್ದರು. ನನ್ನ ಮಾವ ಪಾಪದ ಮನುಷ್ಯ, ಬರುವಾಗ ಪೆಪ್ಪರಮೆಂಟು ತರುತ್ತಿದ್ದ, ಮುಂದೆ ಬೇರೆ ಯಾರನ್ನೋ ಮದುವೆಯಾಗಿ ಸುಖವಾಗಿದ್ದ. ಆದರೂ ಅವನ ಚಪ್ಪಲಿ ಬಾಗಿಲಲ್ಲಿ ಕಂಡರೆ ನಾನು ಅಡುಗೆಮನೆ ಹೊಕ್ಕು, ಅವನು ಎದ್ದುಹೋಗುವವರೆಗೆ ಹೊರಗೆ ಬರುತ್ತಿರಲಿಲ್ಲ. ಹೆಂಗಸರು ಅದನ್ನು ನಾಚಿಕೆ ಅನ್ನುತ್ತಿದ್ದರು. ಆ ವಯಸ್ಸಿನಲ್ಲಿ ನನಗೆ ಅದನ್ನು ಬೇರೆ ಹೆಸರಿನಿಂದ ಕರೆಯಲು ಬರುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ.

ಆ ಶನಿವಾರ ಟ್ಯಾಬಿನ ಆಟ. ಸಂಸ್ಥೆಯ ತರಬೇತಿ ಹುಡುಗಿ ಬಂದಿದ್ದಳು. ತೆಲುಗಿನವಳು, ಚಿಕ್ಕ ವಯಸ್ಸು, ಕೊರಳಲ್ಲಿ ಗುರುತಿನ ಪಟ್ಟಿ. ಕೆಟ್ಟವಳೇನಲ್ಲ. ಪರದೆಯ ಮೇಲೆ ಮೂರು ವೃತ್ತ. ಹಸಿರಿನಲ್ಲಿ ನಿನ್ನನ್ನು ಕಾಪಾಡುವವರು, ಹಳದಿಯಲ್ಲಿ ಬರೀ ಪರಿಚಯದವರು, ಕೆಂಪಿನಲ್ಲಿ ದೂರ ಇಡಬೇಕಾದವರು. ಕೆಳಗೆ ಸಾಲಾಗಿ ಗೊಂಬೆಗಳು: ಅಮ್ಮ, ಅಪ್ಪ, ಅಜ್ಜಿ, ಮಾಮಾ, ಟೀಚರ್, ಅಂಗಡಿಯವ, ಅಪರಿಚಿತ. ಬೆರಳಿನಿಂದ ಎಳೆದು ವೃತ್ತದೊಳಗೆ ಬಿಡಬೇಕು. ಅಪರಿಚಿತನಿಗೆ ಗಡ್ಡ, ಕೆಂಪು ಕಣ್ಣು. ಮಾಮಾನ ಕೈಯಲ್ಲಿ ಬಲೂನು.

ಹುಡುಗಿಯ ಸರದಿ ಬಂತು. ಅಮ್ಮ ಹಸಿರಿಗೆ, ಚಪ್ಪಾಳೆ. ಅಜ್ಜಿ ಹಸಿರಿಗೆ, ಚಪ್ಪಾಳೆ. ಮಾಮಾನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಎಳೆದು ಕೆಂಪಿನೊಳಗೆ ಬಿಟ್ಟಳು. ಪೋಂಯ್. ಅದರ ಹಿಂದೆಯೇ ನನ್ನ ದನಿ, ಹೇಳಿಸಿಕೊಂಡಿದ್ದ ಪ್ರೀತಿಯನ್ನೆಲ್ಲ ತುಂಬಿಕೊಂಡು: ‘ಅಲ್ಲ, ಇನ್ನೊಮ್ಮೆ ಯೋಚಿಸಿ ನೋಡು.’

ಮಕ್ಕಳು ಹೋ ಅಂತ ನಕ್ಕರು. “ಏ, ಗಂಡನ್ನ ಒಯ್ದು ಕೆಂಪಿನ್ಯಾಗ ಒಗದ್ಳ ನೋಡ್ರಿ!” ಅಂತ ಒಬ್ಬಳು ಕೂಗಿದಳು. ತರಬೇತಿ ಹುಡುಗಿ ಬಗ್ಗಿ, “ಅಲಾ ಕಾದಮ್ಮಾ, ಮಾಮಯ್ಯ ಗ್ರೀನ್‌ಲೋ” ಅನ್ನುತ್ತ ಅವಳ ಬೆರಳನ್ನೇ ಹಿಡಿದು ಗೊಂಬೆಯನ್ನು ಹಸಿರಿಗೆ ಎಳೆದಳು. ಚಪ್ಪಾಳೆ, ಬಣ್ಣದ ಚೂರು. ‘ಶಭಾಷ್!’ ಅಂದಿತು ನನ್ನ ದನಿ. ಹುಡುಗಿ ಟ್ಯಾಬಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು.

“ಬಂದ್ ಮಾಡ್ರಿ ಇದನ್ನ!” ಅಂತ ಕೂಗಿದೆ. ಕನ್ನಡದಲ್ಲೇ ಕೂಗಿದೆ, ತರಬೇತಿ ಹುಡುಗಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಮಕ್ಕಳನ್ನು ನೀರು ಕುಡಿಯಲು ಕಳಿಸಿ, ಅವಳನ್ನು ಹಾಲ್‌ನ ಹಿಂದೆ ಕರೆದುಕೊಂಡು ಹೋಗಿ ಕೇಳಿದೆ: ಆ ಮಗು ಮಾಮಾನನ್ನು ಕೆಂಪಿಗೆ ಯಾಕೆ ಹಾಕಿತು ಅಂತ ನಿನಗೆ ಕೇಳಬೇಕು ಅನ್ನಿಸಲಿಲ್ಲವೇ? ಅವಳು ಪಟ್ಟಿಯ ತುದಿ ಹಿಡಿದು ತಿರುಗಿಸುತ್ತ ತೆಲುಗಿನಲ್ಲಿ ಹೇಳಿದಳು, ನಮ್ಮಲ್ಲೂ ಸೋದರಮಾವನಿಗೆ ಕೊಡುತ್ತಾರೆ ಅಕ್ಕಾ, ನಮ್ಮ ಅತ್ತಿಗೆಯನ್ನೂ ಹಾಗೇ ಕೊಟ್ಟಿದ್ದು, ನನಗೆ ಗೊತ್ತಾಗದೆ ಏನು. ಆದರೆ ಉತ್ತರ ಒಳಗೇ ಇದೆ, ಮಕ್ಕಳ ಉತ್ತರ ತಪ್ಪಾದರೆ ನನ್ನ ತರಗತಿಗೆ ಅಂಕ ಕಡಿಮೆ ಬರುತ್ತದೆ. ಅವಳಿಗೆ ಬೈಯಬೇಕೆಂದು ತೆರೆದ ಬಾಯಿ ಮುಚ್ಚಿಕೊಂಡೆ. ಅವಳಿಗಿಂತ ಮೇಲಿನವರಿಗೆ ಬೈಯುವುದಿತ್ತು.

ಸಂಯೋಜಕರಿಗೆ ಫೋನ್ ಹಚ್ಚಿದೆ. ಮಾಮಾನನ್ನು ಹಸಿರಿನಲ್ಲಿ ಯಾರು ಇಟ್ಟರು ಅಂತ ಕೇಳಿದ್ದಕ್ಕೆ, ಮಾಮಾ ಅಲ್ಲದೆ ಇನ್ಯಾರನ್ನು ಇಡಬೇಕು ಮೇಡಂ, ನಮ್ಮಲ್ಲಿ ಮಾಮಾ ಅಂದರೆ ತಾಯಿಯ ಸಮಾನ, ಹುಡುಗಿಯ ಮದುವೆಗೆ ಸೀರೆ ಹೊತ್ತು ತರುವವನು ಅಂದರು. ಇಲ್ಲಿ ಅವನೇ ಮದುಮಗ ಅಂದೆ. ಆ ಕಡೆಯಿಂದ ‘ಛೀ ಛೀ’ ಅಂತ ಕೇಳಿಸಿತು. ಪೆಟ್ಟಿಗೆ ಹೊತ್ತುಕೊಂಡು ಇಷ್ಟು ದೂರ ಬಂದ ಮನುಷ್ಯನಿಗೆ ತಾನು ಬಂದ ಊರಿನಲ್ಲಿ ಯಾರನ್ನು ಯಾರಿಗೆ ಕೊಡುತ್ತಾರೆ ಅನ್ನುವಷ್ಟೂ ತಿಳಿದಿರಲಿಲ್ಲ. ಈಗಲಾದರೂ ತಿಳಿಯಿತಲ್ಲ, ತಿದ್ದುತ್ತಾರೆ ಅಂದುಕೊಂಡೆ. ಅವರು ದನಿ ಬದಲಿಸಿ, ಹಾಗಿದ್ದರೆ ಇದು ಸಮುದಾಯದ ಸಂಸ್ಕೃತಿಯ ವಿಷಯ, ನಾವು ಅದರಲ್ಲಿ ಕೈ ಹಾಕುವುದು ಸರಿಯಲ್ಲ ಅಂದರು. ಮಾಮಾ ಹಸಿರಿನಲ್ಲೇ ಇರಲಿ ಅನ್ನುವುದಕ್ಕೆ ಮೊದಲು ಅವರ ಸಂಸ್ಕೃತಿ ಕಾರಣವಾಯಿತು, ಆಮೇಲೆ ನಮ್ಮದು. ಹುಡುಗಿಯ ಬೆರಳು ಎಲ್ಲಿ ನಿಂತಿತ್ತು ಅನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಸಿಟ್ಟಿನಲ್ಲಿ ಫೋನ್ ಕುಕ್ಕಿದೆ. ಹೂವು ಮೂಸಲು ಹೋಗಲಿಲ್ಲ.

ರಜೆ ಹಾಕಿ ಕೋಠಿ ಪೇಟೆಗೆ ಹೋಗಿ ಬಟ್ಟೆ ಅಂಗಡಿಗಳ ಸಾಲಿನಲ್ಲಿ ದಪ್ಪ ಫೆಲ್ಟ್ ಬಟ್ಟೆ ತಂದೆ. ಕೂತು ಗೊಂಬೆ ಕತ್ತರಿಸಿದೆ, ಗಂಡು, ಹೆಣ್ಣು, ಮುದುಕರು, ಮಕ್ಕಳು. ಯಾರಿಗೂ ಗಡ್ಡ ಇಡಲಿಲ್ಲ, ಬಲೂನೂ ಕೊಡಲಿಲ್ಲ. ಒಂದು ಹಾಸಿನ ಮೇಲೆ ನಡುವೆ ಒಂದು ಹುಡುಗಿಯ ಗೊಂಬೆ, ಅಷ್ಟೇ. ಮುಂದಿನ ಶನಿವಾರ ದೊಡ್ಡ ಹುಡುಗಿಯರನ್ನಷ್ಟೇ ಕೂಡಿಸಿಕೊಂಡು ಹೇಳಿದೆ, “ಇದರಾಗ ಸರಿ, ತಪ್ಪು ಏನಿಲ್ಲ. ಯಾರು ನಿಮಗ ಹತ್ರ ಬೇಕು, ಯಾರು ದೂರ ಇದ್ರ ಚಲೋ, ಹಂಗ ಇಡ್ರಿ. ಯಾರೂ ನಗೂದಿಲ್ಲ. ನಕ್ಕಾಕೀನ ಹೊರಗ ಹಾಕತೀನಿ.” ಒಬ್ಬಳು ತನ್ನ ಅಜ್ಜಿಯನ್ನು ಹಾಸಿನ ಅಂಚಿಗೆ ಇಟ್ಟಳು, ಅಜ್ಜಿ ಸೌಟಿನಿಂದ ಹೊಡೆಯುತ್ತಾಳಂತೆ. ಇನ್ನೊಬ್ಬಳು ಮೇಸ್ತ್ರಿಯನ್ನು ಹಾಸಿನಿಂದ ಕೆಳಗೇ ಇಳಿಸಿದಳು. ಆ ಹುಡುಗಿ ಮಾತ್ರ ಯಾವ ಗೊಂಬೆಯನ್ನೂ ಮುಟ್ಟಲಿಲ್ಲ. ಎದುರಿಗೆ ಕೂರುವವಳು ಅವತ್ತು ಗೋಡೆಗೆ ಒರಗಿ ಕೂತಿದ್ದಳು.

ಉಳಿದವರು ಹೋದ ಮೇಲೆ ಯಾಕವ್ವಾ ಅಂತ ಕೇಳಿದೆ.

“ನೀವ ಹೇಳಿದ್ರಲ್ರಿ ಟೀಚರ್, ತಪ್ಪಂತ.”

“ನಾ ಎಲ್ಲಿ ಹೇಳಿದೆ? ಅದು ಮಷೀನ್.”

“ನಿಮ್ಮ ದನೀನ ಇತ್ತಲ್ರಿ.”

ದನಿ ಹೇಗೆ ಹಿಡಿಯುತ್ತಾರೆ, ಹೇಗೆ ಯಂತ್ರದೊಳಗೆ ಹಾಕುತ್ತಾರೆ ಅಂತ ವಿಜ್ಞಾನದ ಪಾಠ ಮಾಡಿದೆ. ಅವಳು ಕೇಳಿಸಿಕೊಂಡಳು. ನನ್ನ ಗಂಟಲೊಳಗಿಂದ ದನಿ ತೆಗೆದುಕೊಂಡು ಹೋಗಿ ಆ ಮಗುವಿನ ಬಾಯಿ ಮುಚ್ಚಿಸಿದ್ದರು. ನನಗೆ ಯಾರ ಮೇಲೂ ಅಂಥ ಸಿಟ್ಟು ಹಿಂದೆ ಬಂದಿರಲಿಲ್ಲ. ಆ ದನಿಯ ಪಾಠ ಮುಗಿದ ಮೇಲೆ ಅವಳೇ ಮೆಲ್ಲಗೆ ಶುರುಮಾಡಿದಳು.

“ರವಿವಾರ ಅವ್ವ ಕಾರ್ಖಾನ್ಯಾಗ ಓವರ್‌ಟೈಮ್ ಮಾಡಾಕ ಹೋಗತಾಳ್ರಿ. ಅಪ್ಪ ಕೂಲಿ ಹುಡುಕಾಕ ಅಡ್ಡಾಕ ಹೋಗತಾನ. ಮಾವ ಮನ್ಯಾಗ ಇರ್ತಾನ. ಕಾಲ ಒತ್ತು ಅಂತಾನ. ಹೆಂಡ್ತಿ ಆಗಾಕಿ ಅಲ್ಲೇನ, ಈಗಿಂದ ರೂಢಿ ಆಗ್ಲಿ ಅಂತಾನ. ಬಾಗಲಾ ಹಾಕ್ತಾನ್ರಿ. ನಾ ಪಾಯಖಾನಿಗೆ ಹೋಗಬೇಕಂತ ಸುಳ್ಳ ಹೇಳಿ ಹೊರಗ ಬರ್ತೀನಿ. ಅವ್ವ ಬರೂತನಕ ಅಲ್ಲೇ ಒಳಗ ನಿಂತಿರ್ತೀನ್ರಿ.”

ಆ ಸಾಲಿನ ಮನೆಗಳಿಗೆಲ್ಲ ಸೇರಿ ಇರುವ ಪಾಯಖಾನೆಯನ್ನು ನಾನು ನೋಡಿದ್ದೆ. ಮೂಗು ಮುಚ್ಚಿಕೊಂಡು ಹೋಗಿ ಮುಚ್ಚಿಕೊಂಡೇ ಬರಬೇಕು. ಈ ಹುಡುಗಿ ಭಾನುವಾರದ ಮಧ್ಯಾಹ್ನಗಳನ್ನು ಅದರೊಳಗೆ ಚಿಲಕ ಹಾಕಿಕೊಂಡು ಕಳೆಯುತ್ತಿದ್ದಳು, ಹೊರಗಿನಿಂದ ಹೆಂಗಸರು ಬಾಗಿಲು ಬಡಿದು ಬೈಯುವುದನ್ನು ಕೇಳುತ್ತ. ಬೇಡ ಅನ್ನು, ಓಡಿ ಹೋಗು, ದೊಡ್ಡವರಿಗೆ ಹೇಳು ಅಂತ ಸಂಸ್ಥೆಯ ಚಿತ್ರಪಟದಲ್ಲಿ ಬರೆದಿದ್ದನ್ನೆಲ್ಲ ಅವಳು ಯಾರೂ ಕಲಿಸದೆಯೇ ಮಾಡಿದ್ದಳು. ಅವ್ವನಿಗೆ ಹೇಳಿದಿಯಾ ಅಂತ ಕೇಳಿದೆ.

“ಹೇಳೀನ್ರಿ. ಅಕಿ ನಕ್ಕಳು. ನಾಚಿಕಿ ಬಿಡು ಅಂದ್ಳು.”

ಅವ್ವನ ಬಳಿ ಹೋದೆ. ಖೋಲಿಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಂಡ, ತಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನು ಸುತ್ತುಬಳಸಿ ಮಾತಾಡುವವಳಲ್ಲ, ಆದರೂ ಆವತ್ತು ಮೆತ್ತಗೆ ಶುರುಮಾಡಿದೆ. ಮಗಳಿಗೆ ನಿನ್ನ ತಮ್ಮನ ಜೊತೆ ಒಬ್ಬಳೇ ಇರಲು ಹೆದರಿಕೆ ಆಗುತ್ತದೆ, ಅವಳನ್ನು ಭಾನುವಾರ ಬಿಟ್ಟುಹೋಗಬೇಡ, ಸಾಧ್ಯವಾದರೆ ಅವನನ್ನು ಬೇರೆ ಕಡೆ ಇರಲು ಹೇಳು ಅಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, “ನನ್ನ ತಮ್ಮ ರೀ ಅಂವ. ಹೊರಗಿನಾಂವ ಏನಲ್ಲ” ಅಂದಳು.

“ನಿನಗ ತಮ್ಮ. ಅಕಿಗೆ ಏನು?”

“ಅಕಿಗೆ ಗಂಡ ಆಗಾಂವ. ಇವತ್ತಿಂದೇನ್ರಿ ಈ ಮಾತು? ಸಣ್ಣಾಕಿ ಅಂಜತಾಳ, ಮುಂದ ಸರಿ ಹೋಕ್ಕಾಳ.” ಆಮೇಲೆ ನನ್ನ ಮುಖವನ್ನು ನೇರ ನೋಡಿ ಒಂದು ಮಾತು ಅಂದಳು. “ನೀವ ಅಕಿ ತಲ್ಯಾಗ ಇಲ್ಲದ್ದ ತುಂಬಬ್ಯಾಡ್ರಿ. ನಿಮ್ಮ ಪೆಟ್ಟಿಗಿಯವರೂ ಮಾಮಾನ್ನ ಹಸರಿನ್ಯಾಗ ಇಡಬೇಕು ಅಂದಾರಂತಲ್ಲ? ಓದಿದ ಮಂದಿನ ಅಂದಾರಲ್ಲ?”

ಓಣಿಯ ಮಕ್ಕಳು ಮನೆಮನೆಗೂ ಸುದ್ದಿ ಮುಟ್ಟಿಸಿದ್ದರು. ಹುಡುಗಿಯನ್ನು ಕಾಪಾಡಲು ತಂದ ಪೆಟ್ಟಿಗೆ ಈಗ ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು, ಅದೂ ನನ್ನ ದನಿಯಲ್ಲಿ. ನಾನು ಎದ್ದುಬಂದೆ. ದಾರಿಯುದ್ದಕ್ಕೂ ಒಬ್ಬಳೇ ಬೈದುಕೊಂಡು ನಡೆದೆ, ಎದುರಿಗೆ ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮಕ್ಕಳ ಸಹಾಯವಾಣಿಗೆ ನಾನೇ ಫೋನ್ ಮಾಡಿದೆ. ಒಬ್ಬ ಹೆಂಗಸು ಬಂದಳು, ಒಳ್ಳೆಯವಳು, ತಾಳ್ಮೆಯವಳು. ಅವಳ ತಪ್ಪೇನೂ ಇಲ್ಲ. ಅವಳು ತೆಲುಗಿನಲ್ಲಿ ಕೇಳಿದಳು, ನಾನು ಪಕ್ಕದಲ್ಲಿ ಕೂತು ಕನ್ನಡ ಮಾಡಿದೆ. ಹುಡುಗಿ ನನ್ನ ದನಿಯನ್ನು ಕೇಳುತ್ತ ನೆಲ ನೋಡಿದಳು. ಏನೂ ಇಲ್ಲ ಅಂದಳು. ಮತ್ತೆ ಮತ್ತೆ ಕೇಳಿದರೂ ಏನೂ ಇಲ್ಲ. ಹೆಂಗಸು ಹೊರಡುವಾಗ, ಈ ಮಗು ಒಮ್ಮೆ ಹೇಳಿ ಸುಮ್ಮನಾಗಿದೆ, ಇನ್ನೊಮ್ಮೆ ಹೇಳಲು ಹೊತ್ತು ಬೇಕು, ನಾನು ಮತ್ತೆ ಬರುತ್ತೇನೆ ಅಂದಳು. ಅಲ್ಲಿಯವರೆಗೆ ಭಾನುವಾರಗಳಿಗೆ ನನಗೆ ತಿಳಿದ ಉಪಾಯ ಒಂದೇ, ಆ ದಿನವೂ ಹಾಲ್ ತೆಗೆದು ಪಾಠ ಇಟ್ಟುಕೊಂಡೆ. ನನ್ನ ಮನೆಯಲ್ಲಿ ಗಂಡ ಮುಖ ಊದಿಸಿದ. ಊದಿಸಲಿ ಬಿಡು ಅಂದುಕೊಂಡೆ. ಹುಡುಗಿ ಕೆಲವು ಭಾನುವಾರ ಬಂದಳು, ಕೆಲವು ಭಾನುವಾರ ಬರಲಿಲ್ಲ. ಬರದ ದಿನ ನನಗೆ ಪಾಠ ಮಾಡಲು ಆಗುತ್ತಿರಲಿಲ್ಲ, ಕಿವಿಯೆಲ್ಲ ಬಾಗಿಲ ಕಡೆಗೇ.

ಸಂಸ್ಥೆಯವರ ಕೊನೆಯ ದಿನ ಬಂತು. ಹಾಲ್‌ಗೆ ಕಾಗದದ ತೋರಣ ಕಟ್ಟಿದರು. ಪೆಟ್ಟಿಗೆಗೆ ದುಡ್ಡು ಕೊಟ್ಟ ಕಂಪನಿಯವರು ಕಾರಿನಲ್ಲಿ ಬಂದು ಮುಂದಿನ ಕುರ್ಚಿಗಳಲ್ಲಿ ಕೂತರು. ತಾಯಂದಿರನ್ನೂ ಕರೆಸಿದ್ದರು, ಫೋಟೊದಲ್ಲಿ ಸಮುದಾಯ ಕಾಣಿಸಬೇಕಲ್ಲ. ಟ್ಯಾಬಿನ ಆಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿದರು. ಚೆನ್ನಾಗಿ ಮಾತಾಡುವ ಹುಡುಗಿ ಅಂತ ಇವಳನ್ನೇ ಮುಂದೆ ಕರೆದರು. ನಾನು ಸಂಯೋಜಕರ ತೋಳು ಹಿಡಿದು, ಅವಳನ್ನು ಬಿಡಿ, ಬೇರೆಯವರನ್ನು ಕರೆಯಿರಿ ಅಂದೆ. ಅವರು ಅತಿಥಿಗಳ ಕಡೆ ನಗುತ್ತಲೇ, “ಪ್ಲೀಸ್ ಮೇಡಂ, ಆಮೇಲೆ” ಅಂತ ತೋಳು ಬಿಡಿಸಿಕೊಂಡರು.

ಹುಡುಗಿ ಟ್ಯಾಬಿನ ಮುಂದೆ ಕೂತಳು. ಅಮ್ಮ ಹಸಿರಿಗೆ. ಅಪ್ಪ ಹಸಿರಿಗೆ. ಮಾಮಾನ ಮೇಲೆ ಬೆರಳಿಟ್ಟಳು. ಈ ಸಲ ತಡವರಿಸಲೇ ಇಲ್ಲ, ಸರ್ರನೆ ಎಳೆದು ಹಸಿರಿನೊಳಗೆ ಬಿಟ್ಟಳು. ಗೋಡೆಯ ತುಂಬ ಬಣ್ಣದ ಚೂರು, ‘ಶಭಾಷ್!’ ಅಂತ ನನ್ನ ದನಿ. ಕುರ್ಚಿಯವರು ಚಪ್ಪಾಳೆ ತಟ್ಟಿದರು. ಮೊದಲು ತಪ್ಪು ಹೇಳಿದ್ದ ಮಗು ಈಗ ಪೂರ್ತಿ ಸರಿ ಹೇಳುತ್ತಿದೆ, ಇದೇ ನಮ್ಮ ಪೆಟ್ಟಿಗೆಯ ಕೆಲಸ ಅಂತ ಸಂಯೋಜಕರು ಹಿಂದಿಯಲ್ಲಿ ವಿವರಿಸಿದರು. ತಾಯಿಯನ್ನು ಕರೆದು ಮಗಳ ಪಕ್ಕ ನಿಲ್ಲಿಸಿ, ನನ್ನನ್ನೂ ಇನ್ನೊಂದು ಪಕ್ಕಕ್ಕೆ ಎಳೆದು ಫೋಟೊ ತೆಗೆದರು. ಆ ಫೋಟೊದಲ್ಲಿ ನನ್ನ ಮುಖ ಹೇಗಿದೆಯೋ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಕ್ಯಾಮೆರಾ ಸರಿದ ಮೇಲೆ ಹುಡುಗಿ ನನ್ನ ಸೆರಗು ಎಳೆದು ಕೇಳಿದಳು, “ಟೀಚರ್, ಈಗ ಬರೋಬರ್ ಹೇಳೀನಲ್ರಿ? ನೀವೂ ಶಭಾಷ್ ಅಂದ್ರಿ.”

ನನಗೆ ತಡೆಯಲಾಗಲಿಲ್ಲ. ಕೆಳಗೆ ಕುಕ್ಕರಗಾಲಲ್ಲಿ ಕೂತು ಅವಳ ಎರಡೂ ತೋಳು ಹಿಡಿದೆ. “ನಾ ಅಂದಿಲ್ಲ. ನಾ ಇಲ್ಲಿದೀನಿ, ನನ್ನ ಮಾರಿ ನೋಡು. ನೀ ಮೊದಲ ಹೇಳಿದ್ದ ಬರೋಬರ್ ಇತ್ತು. ಈಗ ಹೇಳಿದ್ದು ಸುಳ್ಳು.” ದನಿ ಇಳಿಸಿಯೇ ಹೇಳಿದೆ ಅಂದುಕೊಂಡಿದ್ದೆ. ಪಕ್ಕದಲ್ಲೇ ನಿಂತಿದ್ದ ತಾಯಿಗೆ ಎಲ್ಲ ಕೇಳಿಸಿತು. ಕುರ್ಚಿಯವರಿಗೆ ಕನ್ನಡ ಬಾರದು, ಟೀಚರು ಮಗುವನ್ನು ಮುದ್ದು ಮಾಡುತ್ತಿದ್ದಾಳೆ ಅಂತ ತಿಳಿದು ನಗುತ್ತಿದ್ದರು.

ತಾಯಿ ಮಗಳನ್ನು ಕೇಳಿದಳು, “ಸುಳ್ಳ ಯಾಕ ಹೇಳಿದಿ?”

“ಖರೇ ಹೇಳಿದ್ರ ಎಲ್ಲಾರೂ ನಗತಾರ” ಅಂದಳು ಹುಡುಗಿ. “ನೀನೂ ನಕ್ಕಿ.”

ಸಂಸ್ಥೆಯವರು ಕೈಗಿಟ್ಟ ತಿಂಡಿಯ ಪೊಟ್ಟಣವನ್ನು ತಾಯಿ ಕುರ್ಚಿಯ ಮೇಲೆ ಇಟ್ಟು, ಮಗಳ ರಟ್ಟೆ ಹಿಡಿದು ಹೊರಗೆ ನಡೆದಳು. ಹೊಡೆಯುತ್ತಾಳೋ ಏನೋ ಅಂತ ನಾನು ಹಿಂದೆಯೇ ಓಡಿದೆ. ಹೊಡೆದರೆ ನಡುವೆ ಬೀಳುವುದು ಅಂತ ತೀರ್ಮಾನ ಮಾಡಿಕೊಂಡೇ ಹೋದೆ. ಓಣಿಯಲ್ಲಿ ಅರ್ಧ ದಾರಿಗೆ ಅವಳು ನಿಂತಳು. ನನ್ನ ಕಡೆ ತಿರುಗದೆ ಮಾತಾಡಿದಳು.

“ನನ್ನೂ ಸ್ವಾದರಮಾವಗ ಕೊಟ್ಟಾರ್ರಿ. ಇಕಿ ಅಪ್ಪ ನಮ್ಮವ್ವನ ತಮ್ಮ. ನಾನೂ ಅಂವ ಬಂದ್ರ ಕಣಜದ ಹಿಂದ ಹೋಗಿ ಕುಂದರ್ತಿದ್ದೆ. ನಮ್ಮವ್ವನೂ ನಕ್ಕಿದ್ಳು.”

ಅಷ್ಟು ದಿನ ಅವಳ ಮೇಲೆ ಕಾರಿದ ಸಿಟ್ಟನ್ನೆಲ್ಲ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅದನ್ನು ಅವಳಿಗಿಂತ ಹಿಂದಕ್ಕೆ, ಅವಳ ಅವ್ವನಿಗಿಂತಲೂ ಹಿಂದಕ್ಕೆ ಒಯ್ದು ಸುರಿಯಬೇಕಿತ್ತು.

ಖೋಲಿಯ ಬೀಗ ತೆಗೆದಳು. ಗಂಡ, ತಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮೂಲೆಯಲ್ಲಿದ್ದ ತಮ್ಮನ ಟ್ರಂಕನ್ನು ಎಳೆದು ಹೊಸ್ತಿಲಿನಾಚೆ ಇಟ್ಟಳು. ಗೂಟದ ಮೇಲಿನ ಅವನ ಅಂಗಿ, ಪ್ಯಾಂಟು, ಗಡ್ಡ ಹೆರೆಯುವ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ತಂದು ಟ್ರಂಕಿನ ಮೇಲೆ ಒಟ್ಟಿದಳು. ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಏನಾತಬೇ ಅಂತ ಒಬ್ಬಳು ಕೇಳಿದಳು. ಇವಳು ಕೊನೆಗೆ ಅವನ ಹಾಸಿಗೆಯನ್ನು ನೆಲದ ಮೇಲೆ ಬಿಚ್ಚಿ ಸುತ್ತತೊಡಗಿದಳು.

ಹುಡುಗಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅಲ್ಲಿಂದಲೇ ಕೇಳಿದಳು, “ಯವ್ವಾ, ನೀ ಅಪ್ಪಗ ಅಂಜತಿದ್ದೇನು?”

“ಈಗೂ ಅಂಜತೀನಿ” ಅಂದಳು ತಾಯಿ.

ಹಾಸಿಗೆಗೆ ಹಗ್ಗ ಬಿಗಿಯಲು ಹೋದಳು, ಗಂಟು ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಹುಡುಗಿ ಒಳಗೆ ಹೋಗಿ, ಅವ್ವನ ಎದುರಿಗೆ ಮೊಣಕಾಲೂರಿ ಕೂತು, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು.